ಒಂದೇ ಕೋಣೆಯಲ್ಲಿ ಹಾಡಿದ ಅಜ್ಜ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರವಾದರೆ ಹಾಸ್ಟೆಲ್‌ನಲ್ಲಿ ಸಲಹೆಗಳಿಗೆ ಬರವಿಲ್ಲ. ಒಬ್ಬರು ಕೋಡಿಂಗ್ ಅಭ್ಯಾಸ ಮಾಡು ಅಂತಾರೆ, ಇನ್ನೊಬ್ಬರು ಆಪ್ಟಿಟ್ಯೂಡ್ ಪುಸ್ತಕ ಕೈಗಿಡುತ್ತಾರೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಸೀನಿಯರ್ ಒಬ್ಬ ಕೊಟ್ಟ ಸಲಹೆ ಮಾತ್ರ ವಿಚಿತ್ರವಾಗಿತ್ತು. ‘ಇಂಗ್ಲಿಷ್ ಕಿವಿಗೆ ಬೀಳಬೇಕು ಅಂದ್ರೆ ಈಗಿನ ಹಾಡು ಬೇಡ ಕಣೋ, ಅರ್ಧ ಪದ ನುಂಗಿ ಹಾಡ್ತಾರೆ. ಟೋನಿ ಬೆನೆಟ್ ಕೇಳು. ಒಂದೊಂದು ಪದಾನೂ ಬಿಡಿಸಿಟ್ಟ ಹಾಗೆ ಹಾಡ್ತಾನೆ’ ಅಂದ.

ಕೇಳಿದೆ. ನನ್ನ ಇಂಗ್ಲಿಷ್ ಎಷ್ಟು ಸುಧಾರಿಸಿತು ಎಂಬುದನ್ನು ಸಂದರ್ಶನ ಮಾಡುವವರೇ ಹೇಳಬೇಕು. ಆದರೆ ಈ ಅಮೆರಿಕದ ಅಜ್ಜ ಎಂಬತ್ತರ ಗಡಿಯಲ್ಲಿ ನಿಂತು ತನಗಿಂತ ಐವತ್ತು, ಅರವತ್ತು ವರ್ಷ ಚಿಕ್ಕವರ ಜೊತೆಗೂ ಹಾಡಿದ ಯುಗಳ ಗೀತೆಗಳನ್ನು ಕೇಳುತ್ತಾ ಹೋದಂತೆ, ಬಹಳ ದಿನದಿಂದ ನನ್ನೊಳಗೆ ಕೊರೆಯುತ್ತಿದ್ದ ಒಂದು ತಕರಾರಿಗೆ ಮಾತು ಸಿಕ್ಕಿತು.

ಮೊದಲು ಹಾಡಿನ ವಿಷಯ. ಬೆನೆಟ್ ಅವರಂಥ ಗಾಯಕರನ್ನು ‘ಕ್ರೂನರ್’ ಎನ್ನುತ್ತಾರೆ. ಮೈಕಿನ ಹತ್ತಿರ ನಿಂತು, ಕಿವಿಯಲ್ಲಿ ಮಾತಾಡಿದ ಹಾಗೆ ಮೆಲ್ಲಗೆ ಹಾಡುವವರು. ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದರ ಹಿಂದಿನ ಕಥೆ ಇಷ್ಟ. 1925ಕ್ಕಿಂತ ಮುಂಚೆ ರೆಕಾರ್ಡಿಂಗ್ ಎಂದರೆ ದೊಡ್ಡ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು; ದನಿಯ ಒತ್ತಡವೇ ಮುಳ್ಳನ್ನು ಅಲ್ಲಾಡಿಸಿ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಮೈಕ್ರೊಫೋನ್, ಆಂಪ್ಲಿಫೈಯರ್ ಬಂದ ಮೇಲೆ ಪಿಸುಮಾತು ಕೂಡ ದಾಖಲಾಯಿತು. ಬಿಂಗ್ ಕ್ರಾಸ್ಬಿಯಂಥವರು ಹುಟ್ಟಿಕೊಂಡದ್ದು ಆಗ. ಅಂದರೆ ಕ್ರೂನರ್ ಎಂಬ ಗಾಯಕನೇ ಎಂಜಿನಿಯರಿಂಗ್‌ನ ಕೂಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬರೆಯುವುದನ್ನು ಓದಿ ‘ಇವನಿಗೆ ತಂತ್ರಜ್ಞಾನ ಕಂಡರೆ ಆಗದು’ ಎಂದು ಯಾರೂ ಅಂದುಕೊಳ್ಳಬಾರದು.

ಇವರು ಹಾಡುತ್ತಿದ್ದದ್ದು ‘ಸ್ಟ್ಯಾಂಡರ್ಡ್’ ಎಂದು ಹೆಸರಾದ ಹಳೆಯ ಹಾಡುಗಳನ್ನು. ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್ ಮುಂತಾದವರು ನಾಟಕಕ್ಕೋ ಸಿನಿಮಾಕ್ಕೋ ಬರೆದವು. ಆಮೇಲೆ ಅವು ಯಾರೊಬ್ಬರ ಸೊತ್ತಾಗಿ ಉಳಿಯದೆ ಎಲ್ಲರ ಬಾಯಲ್ಲೂ ಬಂದವು. ಹೊಸಬರು ಬಂದು ಅದೇ ಹಾಡನ್ನು ತಮ್ಮ ರೀತಿಯಲ್ಲಿ ಹಾಡುವುದು ಅಲ್ಲಿನ ವಾಡಿಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಡಿಯೊ. 2011ರ ಮಾರ್ಚ್, ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊ. 84 ವರ್ಷದ ಬೆನೆಟ್ ಸೂಟು ಬೂಟು ತೊಟ್ಟು ನಿಂತಿದ್ದಾರೆ. ಎದುರಿಗೆ 27ರ ಏಮಿ ವೈನ್‌ಹೌಸ್. ಹಾಡು ‘ಬಾಡಿ ಅಂಡ್ ಸೋಲ್’, 1930ರದ್ದು. ಏಮಿ ಸಣ್ಣ ಗಾಯಕಿಯಲ್ಲ. 2008ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಗೆದ್ದವರು. ಆದರೂ ಅಂದು ನಡುಗುತ್ತಿದ್ದರು. ಚಿಕ್ಕಂದಿನಿಂದ ಆರಾಧಿಸಿದ ಗಾಯಕ ಎದುರಿಗಿದ್ದಾರೆ, ತನ್ನ ದನಿ ತಾನು ಅಂದುಕೊಂಡ ಹಾಗೆ ಬರುತ್ತಿಲ್ಲ. ಮಧ್ಯದಲ್ಲೇ ನಿಲ್ಲಿಸುತ್ತಾರೆ, ತನ್ನ ಮೇಲೆ ತಾನೇ ಸಿಡಿಮಿಡಿಗೊಳ್ಳುತ್ತಾರೆ. ಅಸಿಫ್ ಕಪಾಡಿಯಾ 2015ರಲ್ಲಿ ಮಾಡಿದ ‘ಏಮಿ’ ಸಾಕ್ಷ್ಯಚಿತ್ರದಲ್ಲಿ ಈ ದೃಶ್ಯವಿದೆ. ನೋಡುವಾಗ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ವೈವಾದಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಕಟ್ಟಿದವರಿಗೆ ಆ ಮುಖ ಗುರುತು ಸಿಗುತ್ತದೆ.

ಬೆನೆಟ್ ಅವಸರ ಮಾಡುವುದಿಲ್ಲ. ಗಡಿಯಾರ ನೋಡುವುದಿಲ್ಲ. ‘ಪರವಾಗಿಲ್ಲ, ಹೆದರಬೇಡ’ ಎಂಬ ಒಣ ಮಾತಿನಲ್ಲೂ ಮುಗಿಸುವುದಿಲ್ಲ. ನಿನ್ನ ಹಾಡಿನಲ್ಲಿ ಡೈನಾ ವಾಷಿಂಗ್ಟನ್ ಕೇಳಿಸುತ್ತಾಳೆ ಎನ್ನುತ್ತಾರೆ. ಡೈನಾ 1950ರ ದಶಕದ ದೊಡ್ಡ ಗಾಯಕಿ, ಏಮಿಗೆ ಪ್ರಾಣ. ಆ ಒಂದು ಹೆಸರು ಕಿವಿಗೆ ಬಿದ್ದದ್ದೇ ಹುಡುಗಿಯ ಮುಖ ಅರಳಿತು, ಹಾಡು ಹಳಿಗೆ ಬಂತು ಎಂದು ಬೆನೆಟ್ ಆಮೇಲೆ ಹೇಳಿಕೊಂಡಿದ್ದಾರೆ. ಈ ಮಾತನ್ನು ಮನೆಯಿಂದಲೇ ಬರೆದುಕೊಂಡು ಬರಲು ಆಗುತ್ತಿರಲಿಲ್ಲ. ಎದುರಿಗಿದ್ದವಳ ದನಿ ಕೇಳಿಸಿಕೊಂಡವರಿಗೆ ಮಾತ್ರ ಹೊಳೆಯುವ ಮಾತು ಅದು.

ಆ ವರ್ಷ ಜುಲೈ 23ರಂದು ಏಮಿ ತೀರಿಕೊಂಡರು. ಹಾಡು ಬಿಡುಗಡೆಯಾದದ್ದು ಸೆಪ್ಟೆಂಬರ್ 14ಕ್ಕೆ, ಬದುಕಿದ್ದರೆ ಅವರಿಗೆ 28 ತುಂಬುವ ದಿನ. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಬೆನೆಟ್ ಅವರಿಗೆ ಕೊನೆವರೆಗೂ ಒಂದು ಕೊರಗಿತ್ತು: ನಿಧಾನ ಮಾಡು ಎಂದು ಆಕೆಗೆ ಹೇಳಬೇಕಿತ್ತು ಎಂದು. ಅದನ್ನು ಹೇಳುವ ಅನುಭವವೂ ಅವರಿಗಿತ್ತು. 1970ರಲ್ಲಿ ರೆಕಾರ್ಡ್ ಕಂಪನಿಯ ಒತ್ತಾಯಕ್ಕೆ ಆಗಿನ ಹಿಟ್ ಹಾಡುಗಳ ಆಲ್ಬಂ ಒಂದನ್ನು ಒಲ್ಲದ ಮನಸ್ಸಿನಿಂದ ಹಾಡಿ, 1972ರ ಹೊತ್ತಿಗೆ ಕಂಪನಿಯಿಂದ ಹೊರಬಿದ್ದು, ಸ್ವಂತ ಲೇಬಲ್ ಮಾಡಿ ಕೈಸುಟ್ಟುಕೊಂಡು, ತೆರಿಗೆ ಬಾಕಿ ತಲೆ ಮೇಲೆ ಕೂತು, 1979ರಲ್ಲಿ ಮಾದಕವಸ್ತುವಿನಿಂದ ಸಾವಿನ ಬಾಗಿಲು ತಟ್ಟಿ ಬಂದವರು ಅವರು. ಆಗ ಮಗ ಡ್ಯಾನಿ ವ್ಯವಹಾರ ಕೈಗೆತ್ತಿಕೊಂಡರು. ಹಾಡು ಬದಲಾಗಲಿಲ್ಲ, ಸೂಟು ಬದಲಾಗಲಿಲ್ಲ. ಕೇಳುವವರನ್ನು ಹುಡುಕಿಕೊಂಡು ಹೋಗುವ ಜಾಗ ಬದಲಾಯಿತು. 1994ರಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ, ಮೊಮ್ಮಕ್ಕಳ ವಯಸ್ಸಿನವರ ಮುಂದೆ ಅವೇ ಹಳೇ ಹಾಡು ಹಾಡಿದರು. ಅದು ಆ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಪಡೆಯಿತು. ಎಂಬತ್ತನೇ ವಯಸ್ಸಿಗೆ, 2006ರಲ್ಲಿ, ಮೊದಲ ‘ಡ್ಯುಯೆಟ್ಸ್’. 2011ರಲ್ಲಿ ಎರಡನೆಯದು, ಅದರಲ್ಲಿ ಜೊತೆಗಾರರು 17 ಮಂದಿ, ನಮ್ಮ ಪಂಡಿತ್ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಕೂಡ ಒಬ್ಬರು. ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಬಂತು. ಆಗ ಅವರಿಗೆ 85.

ಈಗ ಇನ್ನೊಬ್ಬ ಅಜ್ಜನ ಕಥೆ. 1993ರಲ್ಲಿ ಫ್ರ್ಯಾಂಕ್ ಸಿನಾತ್ರಾ ಕೂಡ ‘ಡ್ಯುಯೆಟ್ಸ್’ ಎಂಬ ಆಲ್ಬಂ ಮಾಡಿದ್ದರು. ಅವರಿಗೆ 77. ಇಬ್ಬರ ಆಲ್ಬಂಗಳಿಗೂ ನಿರ್ಮಾಪಕ ಒಬ್ಬರೇ, ಫಿಲ್ ರಮೋನ್. ಸಿನಾತ್ರಾ ಅವರ ಜೊತೆಗಾರರ ಪಟ್ಟಿಯಲ್ಲಿ ಅರೀತಾ ಫ್ರ್ಯಾಂಕ್ಲಿನ್, ಬಾರ್ಬ್ರಾ ಸ್ಟ್ರೈಸೆಂಡ್, ಬೊನೊ ಇದ್ದರು, ಸ್ವತಃ ಟೋನಿ ಬೆನೆಟ್ ಇದ್ದರು. ಆದರೆ ಇವರ‍್ಯಾರೂ ಸಿನಾತ್ರಾ ಎದುರು ನಿಂತು ಹಾಡಲಿಲ್ಲ. ಸಿನಾತ್ರಾ ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ವಾದ್ಯಗಾರರ ಜೊತೆ ತಮ್ಮ ಪಾಲು ಹಾಡಿ ಎದ್ದು ಹೋದರು. ಜೊತೆಗಾರರು ಆಮೇಲೆ ತಂತಮ್ಮ ಊರುಗಳಲ್ಲಿ ಕೂತು, ಹೆಡ್‌ಫೋನ್‌ನಲ್ಲಿ ಅವರ ದನಿ ಕೇಳುತ್ತಾ ತಮ್ಮ ಸಾಲು ಸೇರಿಸಿದರು. ಅನೇಕರ ದನಿ ಬಂದದ್ದು ಫೈಬರ್ ಆಪ್ಟಿಕ್ ದೂರವಾಣಿ ಮಾರ್ಗದಲ್ಲಿ. 1993ಕ್ಕೆ ಅದು ಅದ್ಭುತವೇ. ಅಮೆರಿಕವೊಂದರಲ್ಲೇ ಆಲ್ಬಂ 30 ಲಕ್ಷ ಪ್ರತಿ ದಾಟಿತು.

ಇಲ್ಲಿ ನನ್ನ ಓದಿನ ತಲೆ ಸ್ವಲ್ಪ ಓಡಿತು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಹತ್ತಿರಹತ್ತಿರ 3 ಮಿಲಿಸೆಕೆಂಡ್ ಬೇಕು. ಸ್ಟುಡಿಯೊದಲ್ಲಿ ಎರಡು ಮೀಟರ್ ದೂರ ನಿಂತವರ ನಡುವೆ 6 ಮಿಲಿಸೆಕೆಂಡ್ ವಿಳಂಬ. ಮೆದುಳಿಗೆ ಅದು ಲೆಕ್ಕಕ್ಕೇ ಇಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ, 4 ಸಾವಿರ ಕಿಲೋಮೀಟರ್‌ಗೆ, 20 ಮಿಲಿಸೆಕೆಂಡ್ ತಗುಲುತ್ತದೆ. ಹೋಗಿ ಬರಲು 40. ಜೊತೆಗೆ ದನಿಯನ್ನು ಡಿಜಿಟಲ್ ಮಾಡಿ ಮತ್ತೆ ಬಿಡಿಸುವ ಸಮಯ. ವಿಳಂಬ 25-30 ಮಿಲಿಸೆಕೆಂಡ್ ದಾಟಿತೆಂದರೆ ಜೊತೆಯಲ್ಲಿ ಹಾಡುವವರ ತಾಳ ಎಳೆಯತೊಡಗುತ್ತದೆ. ಹಾಗಾದರೆ ಸಿನಾತ್ರಾ ಆಲ್ಬಂನಲ್ಲಿ ತಾಳ ಯಾಕೆ ತಪ್ಪಲಿಲ್ಲ?

ಉತ್ತರ ಸರಳ. ಸಿನಾತ್ರಾ ಅಲ್ಲಿರಲಿಲ್ಲ. ಅವರ ದನಿ ಆಗಲೇ ಟೇಪಿನಲ್ಲಿತ್ತು. ಹೊಸಬರ ಸಾಲು ತಲುಪುವುದು ಎಷ್ಟು ತಡವಾದರೂ ಜೋಡಿಸುವಾಗ ಸರಿಸಿ ಇಟ್ಟರಾಯಿತು. ತಿರುಗಿ ಉತ್ತರ ಕೊಡಬೇಕಾಗಿಲ್ಲದವರಿಗೆ ವಿಳಂಬ ಎಂಬುದು ಸಮಸ್ಯೆಯೇ ಅಲ್ಲ. ಇದು ಹೊಳೆದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಿನಾತ್ರಾ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದನಿ ಮೊದಲಿನ ಹಾಗಿಲ್ಲ ಎಂಬ ಅಳುಕು ಅವರಿಗಿತ್ತು. ಮೊದಮೊದಲು ಸ್ಟುಡಿಯೊಗೆ ಬಂದವರು ಹಾಡದೇ ಹಿಂದಿರುಗಿದರು. ಗಾಜಿನ ಪೆಟ್ಟಿಗೆಯಂಥ ಬೂತ್ ಒಳಗೆ ಒಬ್ಬರೇ ನಿಲ್ಲಲು ಒಪ್ಪಲಿಲ್ಲ. ವಾದ್ಯಗಾರರ ನಡುವೆ ವೇದಿಕೆಯ ಹಾಗೆ ಜಾಗ ಮಾಡಿಸಿ, ಕೈಯಲ್ಲಿ ಮೈಕ್ ಹಿಡಿಸಿದ ಮೇಲೆ ಹಾಡಿದರು. ಅಷ್ಟು ದೊಡ್ಡ ಗಾಯಕನಿಗೂ ಸುತ್ತ ಜನ ಬೇಕಾಯಿತು. ಜೊತೆಗಾರರಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಬೇರೆ ಬೇರೆ ಹಾಡಿ ಜೋಡಿಸಿದ್ದೆಲ್ಲ ಸುಳ್ಳು ಎಂದೂ ನಾನು ಹೇಳುವುದಿಲ್ಲ. 1991ರಲ್ಲಿ ನಟಾಲಿ ಕೋಲ್ ತಮ್ಮ ತಂದೆ ನ್ಯಾಟ್ ಕಿಂಗ್ ಕೋಲ್ ಅವರ ಹಳೆಯ ಧ್ವನಿಮುದ್ರಣಕ್ಕೆ ತಮ್ಮ ದನಿ ಸೇರಿಸಿ ‘ಅನ್‌ಫರ್ಗೆಟಬಲ್’ ಹಾಡಿದರು. ತಂದೆ ತೀರಿಕೊಂಡದ್ದು 1965ರಲ್ಲಿ, ಮಗಳಿಗೆ 15 ವರ್ಷವಿದ್ದಾಗ. ಅಲ್ಲಿ ತಂದೆ ಉತ್ತರಿಸಲಾರರು ಎಂಬುದೇ ಹಾಡಿನ ತೂಕ. ಬದುಕಿರುವವರೂ ಹಾಗೇ ಇದ್ದುಬಿಟ್ಟರೆ?

ನಮ್ಮ ಚಿತ್ರಗೀತೆಗಳಲ್ಲೂ ಈ ಬದಲಾವಣೆ ಆಗಿದೆ. ಮದ್ರಾಸಿನ ಸ್ಟುಡಿಯೊಗಳಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕಾಲಕ್ಕೆ ಗಾಯಕ, ಗಾಯಕಿ, ವಾದ್ಯದವರು ಎಲ್ಲ ಒಟ್ಟಿಗೆ ಸೇರಿ ಹಾಡು ಮುಗಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಈಗ ಟ್ರ್ಯಾಕ್ ಪದ್ಧತಿ. ಬಹುಪಾಲು ಯುಗಳ ಗೀತೆಗಳಲ್ಲಿ ಇಬ್ಬರೂ ಬೇರೆ ಬೇರೆ ದಿನ ಬಂದು ಹಾಡಿ ಹೋಗುತ್ತಾರೆ. ನನ್ನಮ್ಮ ಆಕಾಶವಾಣಿಯಲ್ಲಿ ಹಳೇ ಹಾಡು ಕೇಳುತ್ತಾ ‘ಇವರು ಒಬ್ಬರನ್ನೊಬ್ಬರು ನೋಡ್ಕೊಂಡು ಹಾಡ್ತಿದ್ದಾರೆ’ ಅಂದಾಗ ನಾನು ನಗುತ್ತಿದ್ದೆ. ರೇಡಿಯೊದಲ್ಲಿ ಅದು ಹೇಗಮ್ಮಾ ಕಾಣುತ್ತೆ ಅಂತ.

ನನ್ನ ತಕರಾರಿಗೆ ಬರುತ್ತೇನೆ. ಕಳೆದ ತಿಂಗಳು ಒಂದು ಕಂಪನಿಯ ಇಂಟರ್ನ್‌ಶಿಪ್‌ಗೆ ಮೊದಲ ಸುತ್ತಿನ ವಿಡಿಯೊ ಸಂದರ್ಶನವಿತ್ತು. ರೂಮ್‌ಮೇಟನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿ ಕೂತೆ. ಸಂದರ್ಶನ ಮಾಡಲು ಯಾರೂ ಬರಲಿಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡಿತು. ಯೋಚಿಸಲು 30 ಸೆಕೆಂಡ್, ಉತ್ತರಿಸಲು ಎರಡು ನಿಮಿಷ. ಮೂಲೆಯಲ್ಲಿ ನನ್ನದೇ ಮುಖ. ಉತ್ತರ ಹೇಳುತ್ತಾ ಹೇಳುತ್ತಾ ನಾನೇ ತಲೆಯಾಡಿಸಿಕೊಳ್ಳುತ್ತಿದ್ದುದು ಕಾಣಿಸಿತು. ಎದುರಿಗೆ ಯಾರಾದರೂ ತಲೆಯಾಡಿಸಬೇಕಿತ್ತಲ್ಲ, ಆ ಕೆಲಸವೂ ನನಗೇ ಬಿತ್ತು. ಮೂರನೇ ಪ್ರಶ್ನೆಗೆ ಪದ ಸಿಗದೆ ತಡವರಿಸಿದೆ. ಗಡಿಯಾರ ಇಳಿಯುತ್ತಲೇ ಇತ್ತು. ಐದು ದಿನದ ಮೇಲೆ ಬಂದ ಇಮೇಲ್‌ನ ಮೊದಲ ಪದ ನೋಡಿಯೇ ಉಳಿದದ್ದು ಓದಲಿಲ್ಲ.

ಇದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ. ಹಿಂದಿನ ಸೆಮಿಸ್ಟರ್ ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ಹೊರಗಿನಿಂದ ಬಂದಿದ್ದ ವಯಸ್ಸಾದ ಪರೀಕ್ಷಕರೊಬ್ಬರು ಸ್ಯಾಂಪ್ಲಿಂಗ್ ಥಿಯರಮ್ ಕೇಳಿದರು. ಪೂರ್ತಿ ಬ್ಲ್ಯಾಂಕ್. ಅವರು ನನ್ನ ಮುಖ ನೋಡಿದರು, ಪೆನ್ನು ಕೆಳಗಿಟ್ಟರು. ‘ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣೋದು ನೋಡಿದ್ದೀಯೇನಪ್ಪಾ?’ ಎಂದರು. ನೋಡಿದ್ದೀನಿ ಸಾರ್ ಅಂದೆ. ‘ಯಾಕೆ ಹಾಗೆ?’ ಎಂದರು. ಚಕ್ರ ತಿರುಗುವ ವೇಗಕ್ಕೆ ಕ್ಯಾಮೆರಾ ತೆಗೆಯುವ ಚಿತ್ರಗಳು ಸಾಲುವುದಿಲ್ಲ ಎನ್ನುತ್ತಾ ಶುರುಮಾಡಿದವನು ಥಿಯರಮ್‌ಗೇ ಬಂದು ನಿಂತೆ. ನನಗೆ ವಿಷಯ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಹೊರತೆಗೆಯಲು ಎದುರಿಗೆ ಒಬ್ಬರು ಬೇಕಿತ್ತು. ಏಮಿಗೆ ಸಿಕ್ಕ ಡೈನಾ ವಾಷಿಂಗ್ಟನ್ ಹೆಸರು ನನಗೆ ಗಾಡಿ ಚಕ್ರವಾಗಿ ಸಿಕ್ಕಿತು, ಅಷ್ಟೆ.

ಕಂಪನಿಗಳ ಕಷ್ಟ ನನಗೆ ತಿಳಿಯದೆ ಇಲ್ಲ. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬಂದರೆ ಪ್ರತಿಯೊಬ್ಬರ ಎದುರು ಯಾರನ್ನು ಕೂರಿಸುವುದು? ಹಳ್ಳಿಯ ಹುಡುಗಿಯೊಬ್ಬಳು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತದೆ ಮನೆಯಿಂದಲೇ ಮೊದಲ ಸುತ್ತು ಮುಗಿಸಬಹುದು ಎಂಬುದೂ ಸಣ್ಣ ಅನುಕೂಲವಲ್ಲ. ಆದ್ದರಿಂದ ಕ್ಯಾಮೆರಾ ಬೇಡ ಎಂದು ನಾನು ಕೇಳುವುದಿಲ್ಲ. ಕೇಳುವುದು ಇಷ್ಟು: ಅರ್ಹತೆ ಜರಡಿ ಹಿಡಿಯಲು ಲಿಖಿತ ಪರೀಕ್ಷೆ ಇದೆ, ಕೋಡಿಂಗ್ ಪರೀಕ್ಷೆ ಇದೆ, ಎಷ್ಟು ಕಠಿಣವಾಗಿ ಬೇಕಾದರೂ ಮಾಡಿ. ಆದರೆ ‘ಸಂದರ್ಶನ’ ಎಂಬ ಹೆಸರಿಟ್ಟ ಮೇಲೆ ಆ ಕಡೆ ಒಬ್ಬ ಮನುಷ್ಯ ಇರಲಿ, ಹತ್ತೇ ನಿಮಿಷವಾದರೂ, ವಿಡಿಯೊ ಕರೆಯಲ್ಲಾದರೂ ಸರಿ. ತಡವರಿಸಿದಾಗ ಇನ್ನೊಂದು ಬಗೆಯಲ್ಲಿ ಕೇಳಬಲ್ಲ ಒಬ್ಬರು. ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಕಂಪನಿಯನ್ನು ಕರೆಯುವಾಗ ಸಂಬಳದ ಪ್ಯಾಕೇಜು ವಿಚಾರಿಸುತ್ತವೆ. ಈ ಒಂದು ಪ್ರಶ್ನೆಯನ್ನೂ ವಿಚಾರಿಸಲಿ. ಪ್ರತಿಯೊಬ್ಬ ವಿದ್ಯಾರ್ಥಿ ಒಂಟಿಯಾಗಿ ಕೇಳಿದರೆ ನಡೆಯುವುದಿಲ್ಲ, ಕಾಲೇಜು ಕೇಳಿದರೆ ನಡೆದೀತು.

ನಮ್ಮದೂ ತಪ್ಪಿದೆ, ಅದನ್ನೂ ಹೇಳಬೇಕು. ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ನಾಲ್ವರು. ನಾಲ್ವರೂ ಒಂದೇ ಹಾಸ್ಟೆಲ್, ಒಂದೇ ಮಹಡಿ. ಆದರೂ ಒಬ್ಬೊಬ್ಬರು ಒಂದೊಂದು ಅಧ್ಯಾಯ ಹಂಚಿಕೊಂಡು, ತಂತಮ್ಮ ಮಂಚದ ಮೇಲೆ ಕೂತು ಬರೆದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಕೊನೇ ರಾತ್ರಿ ಅಂಟಿಸಿದೆವು. ಎರಡನೇ ಅಧ್ಯಾಯದಲ್ಲಿ ಸ್ಯಾಂಪ್ಲಿಂಗ್ ದರ 8 ಕಿಲೋಹರ್ಟ್ಸ್, ನಾಲ್ಕನೆಯದರಲ್ಲಿ 16. ಗೈಡ್ ಮೇಡಂ ಎರಡೂ ಪುಟ ತೆರೆದಿಟ್ಟು ‘ನೀವು ನಾಲ್ಕೂ ಜನ ಒಬ್ಬರಿಗೊಬ್ಬರು ಪರಿಚಯ ಇದ್ದೀರಾ?’ ಎಂದು ಕೇಳಿದರು. ಎಲ್ಲರೂ ನಕ್ಕೆವು. ಅಂಕ ಕಡಿಮೆ ಬಂತು.

ಬೆನೆಟ್ ಮಾಡಿದ್ದು ಖರ್ಚಿನ ಕೆಲಸ, ಪ್ರಯಾಣದ ಕೆಲಸ. ಏಮಿಗಾಗಿ ಲಂಡನ್ನಿಗೆ ಹೋದರು, ಆಂಡ್ರಿಯಾ ಬೊಚೆಲ್ಲಿ ಜೊತೆ ಹಾಡಲು ಇಟಲಿಗೆ ಹೋದರು. ಎಂಬತ್ತೈದರ ಹತ್ತಿರ ಬಂದ ಮನುಷ್ಯ, ಫೈಬರ್ ಮಾರ್ಗಗಳು 1993ಕ್ಕಿಂತ ಎಷ್ಟೋ ಪಟ್ಟು ಸುಧಾರಿಸಿದ್ದ ಕಾಲದಲ್ಲಿ. ಮನೆಯಲ್ಲೇ ಕೂತು ಹಾಡಿ ಕಳಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಎರಡನೇ ‘ಡ್ಯುಯೆಟ್ಸ್’ನಲ್ಲಿ ಲೇಡಿ ಗಾಗಾ ಕೂಡ ಇದ್ದರು. ಅವರಿಗೂ ಬೆನೆಟ್‌ಗೂ 60 ವರ್ಷದ ಅಂತರ. ಒಂದು ಹಾಡಿನಿಂದ ಶುರುವಾದದ್ದು 2014ರಲ್ಲಿ ಇಡೀ ಆಲ್ಬಂ ಆಯಿತು. 2016ರಲ್ಲಿ ಬೆನೆಟ್‌ಗೆ ಅಲ್ಝೈಮರ್ ಕಾಯಿಲೆ ಇರುವುದು ಗೊತ್ತಾಯಿತು. ಆದರೂ ಕೋಲ್ ಪೋರ್ಟರ್ ಅವರ ಹಾಡುಗಳ ಇನ್ನೊಂದು ಆಲ್ಬಂ ಅನ್ನು ಇಬ್ಬರೂ ಸೇರಿ ಮುಗಿಸಿದರು. 2021ರ ಆಗಸ್ಟ್ 3, ಅವರ 95ನೇ ಹುಟ್ಟುಹಬ್ಬ. ಅಂದು ಮತ್ತು ಆಗಸ್ಟ್ 5ರಂದು ನ್ಯೂಯಾರ್ಕ್‌ನ ರೇಡಿಯೊ ಸಿಟಿ ಸಭಾಂಗಣದಲ್ಲಿ ಕೊನೆಯ ಎರಡು ಕಛೇರಿಗಳು. ಅಷ್ಟರಲ್ಲಿ ಅವರಿಗೆ ಬಹಳಷ್ಟು ಮರೆತುಹೋಗಿತ್ತು. ಅಭ್ಯಾಸದ ದಿನಗಳಲ್ಲಿ ಗಾಗಾ ಅವರನ್ನು ‘ಸ್ವೀಟ್‌ಹಾರ್ಟ್’ ಎಂದಷ್ಟೇ ಕರೆಯುತ್ತಿದ್ದರು. ಹೆಸರು ನೆನಪಿದೆಯೋ ಇಲ್ಲವೋ ಆಕೆಗೇ ಗೊತ್ತಾಗುತ್ತಿರಲಿಲ್ಲ. ಪಿಯಾನೊ ಶುರುವಾದರೆ ಮಾತ್ರ ಹಾಡಿನ ಸಾಲುಗಳು ತಪ್ಪಿಲ್ಲದೆ ಬರುತ್ತಿದ್ದವು.

ಕಛೇರಿಯ ರಾತ್ರಿ ಬೆನೆಟ್ ಹಾಡುತ್ತಿದ್ದರು. ಗಾಗಾ ವೇದಿಕೆಯ ಮೇಲೆ ಬಂದರು. ಬೆನೆಟ್ ಅವರನ್ನು ನೋಡಿದರು, ಬೆರಗಿನಿಂದ ‘ಲೇಡಿ ಗಾಗಾ!’ ಎಂದರು. ಎಷ್ಟೋ ದಿನಗಳ ಮೇಲೆ ಅವರ ಬಾಯಲ್ಲಿ ತನ್ನ ಹೆಸರು ಕೇಳಿದೆ ಎಂದು ಆಕೆ ಆಮೇಲೆ ಟಿವಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು. ಆ ರಾತ್ರಿ ಹಾಡಿದ್ದು ಬೆನೆಟ್‌ಗೆ ಆಮೇಲೆ ನೆನಪಿರಲಿಲ್ಲವಂತೆ.